ಮೊಬೈಲ್ ಸಿಕ್ಕಿಸದಿದ್ದರೂ ಬೈಕ್ ಬ್ಯಾಟರಿ ಖಾಲಿ ಏಕೆ?

ಪ್ರಶ್ನೆ: ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಚಾರ್ಜರ್ ಹಾಕಿಸಿ, ವೈರನ್ನು ನೇರ ಬ್ಯಾಟರಿಗೆ ಕೊಡಿಸಿದ್ದೇನೆ. ಎರಡು ವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ಸೆಲ್ಫ್ ಹೊಡೆಯುತ್ತಿಲ್ಲ. ಮೊಬೈಲ್ ಸಿಕ್ಕಿಸಿರಲೇ ಇಲ್ಲವಲ್ಲ?

ಉತ್ತರ: ಮೊಬೈಲ್ ಇಲ್ಲದಿದ್ದರೂ ಚಾರ್ಜರ್ ಸುಮ್ಮನಿರುವುದಿಲ್ಲ. 12 ವೋಲ್ಟನ್ನು 5ಕ್ಕೆ ಇಳಿಸುವ ಅದರೊಳಗಿನ ಸರ್ಕ್ಯೂಟ್, ಜೊತೆಗಿರುವ ಪುಟ್ಟ ದೀಪ ಸದಾ ಕರೆಂಟು ಹೀರುತ್ತಿರುತ್ತವೆ. ಅದು ಬರೀ 10 ಮಿಲಿಆಂಪಿಯರ್ ಎಂದೇ ಇಟ್ಟುಕೊಳ್ಳಿ: ದಿನಕ್ಕೆ ಸುಮಾರು ಕಾಲು ಆಂಪಿಯರ್-ಅವರ್, ಎರಡು ವಾರಕ್ಕೆ 3ಕ್ಕೂ ಹೆಚ್ಚು. ಕಾರಿನ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. 4 ಆಂಪಿಯರ್-ಅವರ್‌ನ ಬೈಕ್ ಬ್ಯಾಟರಿಗೆ ಪ್ರಾಣವೇ ಹೋದಂತೆ.

ಕೀ ಆನ್ ಮಾಡಿದಾಗ ಮಾತ್ರ ಕರೆಂಟು ಹರಿಯುವ ಹಾಗೆ ನಡುವೆ ಒಂದು ರಿಲೇ ಹಾಕಿಸಿ. ಕೀ ಕಡೆಯ ವೈರು ರಿಲೇಯ ಕಾಯಿಲನ್ನು ಎಬ್ಬಿಸಿದರೆ ಸಾಕು, ಚಾರ್ಜರಿನ ಹೊರೆ ಆ ವೈರಿನ ಮೇಲೆ ಬೀಳುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು: ಫ್ಯೂಸ್ ಇದೆಯೇ? ಅದು ಚಾರ್ಜರಿನ ಬಳಿಯಲ್ಲ, ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ ಇರಬೇಕು. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ವೈರು ಫ್ರೇಮಿಗೆ ಉಜ್ಜುತ್ತದೆ. ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ತಾಕಿದರೆ ಅಲ್ಲೇ ಶಾರ್ಟ್. ಫ್ಯೂಸ್ ಅದಕ್ಕಿಂತ ಆಚೆ ಇದ್ದರೆ ಅದಕ್ಕೆ ಸುದ್ದಿಯೇ ಮುಟ್ಟದು. ಪೆಟ್ರೋಲ್ ಟ್ಯಾಂಕಿನ ಕೆಳಗೇ ವೈರು ಉರಿಯತೊಡಗುತ್ತದೆ. ಸಾಮಾನ್ಯ ಮೊಬೈಲ್ ಚಾರ್ಜರಿಗೆ 3 ಆಂಪಿಯರ್ ಫ್ಯೂಸ್ ಧಾರಾಳವಾಯಿತು.