ಕೀಟೋಸಿಸ್ ಪತ್ತೆಯಾದ ಹಸುವಿಗೆ ಮೇವು ಮತ್ತು ಆಹಾರದ ಆಯ್ಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಬೇಸಾಯದೊಡನೆ ಹೈನುಗಾರಿಕೆಯೂ ರೇಷ್ಮೆಯೂ ಕುಟುಂಬದ ಆದಾಯದ ಆಧಾರಗಳಾಗಿವೆ. ಮಳೆ ಕೈಕೊಟ್ಟ ವರ್ಷದಲ್ಲಿ ಮನೆ ನಡೆಯುವುದು ಹೆಚ್ಚಾಗಿ ಹಾಲಿನ ಬಟವಾಡೆಯಿಂದಲೇ. ಹೀಗಿರುವಾಗ ಕರು ಹಾಕಿದ ಎರಡು ಮೂರು ವಾರಗಳಲ್ಲಿ, ಹಾಲು ಏರಬೇಕಾದ ಹೊತ್ತಿನಲ್ಲಿ, ಹಸು ಹಿಂಡಿಯನ್ನು ಮುಟ್ಟದೆ ನಿಂತರೆ ರೈತರಿಗೆ ಆಗುವ ನಷ್ಟ ಸಣ್ಣದಲ್ಲ. ಪಶುವೈದ್ಯರು ಪರೀಕ್ಷಿಸಿ ‘ಕೀಟೋಸಿಸ್’ ಎಂದು ಹೇಳಿ, ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ಹೋದ ನಂತರ ರೈತರು ಕೇಳುವ ಮೊದಲ ಪ್ರಶ್ನೆ: ‘ಇನ್ನು ಇದಕ್ಕೆ ಏನು ಹಾಕಬೇಕು?’ ಚಿಕಿತ್ಸೆ ಪಶುವೈದ್ಯರ ಹೊಣೆ. ಗೋದಲಿಗೆ ಬೀಳುವ ಮೇವಿನ ಆಯ್ಕೆಯ ಬಗ್ಗೆ ಮಾತ್ರ ಈ ಲೇಖನದಲ್ಲಿ ವಿವರಿಸಲಾಗಿದೆ.

ಕೀಟೋಸಿಸ್ ಎಂದರೇನು?

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಕೆಚ್ಚಲು ತಯಾರಿಸುವುದು ರಕ್ತದಲ್ಲಿನ ಗ್ಲೂಕೋಸಿನಿಂದ. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕಾಗುತ್ತದೆ. ದಿನಕ್ಕೆ 15 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಹಾಲಿಗಾಗಿಯೇ ಒಂದು ಕಿಲೋಗ್ರಾಂಗೂ ಮಿಕ್ಕಿ ಗ್ಲೂಕೋಸನ್ನು ವ್ಯಯಿಸುತ್ತದೆ. ಕರು ಹಾಕಿದ ಬಳಿಕ ಹಾಲಿನ ಪ್ರಮಾಣ ಬೇಗನೆ ಏರುತ್ತದೆ. ಆದರೆ ಮೇವು ತಿನ್ನುವ ಶಕ್ತಿ ಅಷ್ಟೇ ವೇಗವಾಗಿ ಏರುವುದಿಲ್ಲ. ಈ ಕೊರತೆಯನ್ನು ತುಂಬಲು ಹಸು ತನ್ನ ಮೈಯ ಕೊಬ್ಬನ್ನು ಕರಗಿಸುತ್ತದೆ. ಕರಗಿದ ಕೊಬ್ಬು ಯಕೃತ್ತಿನಲ್ಲಿ ಪೂರ್ಣವಾಗಿ ಉರಿಯದೆ ಕೀಟೋನ್‌ಗಳಾಗಿ ರಕ್ತ, ಗಂಜಲ ಮತ್ತು ಹಾಲಿಗೆ ಸೇರುತ್ತದೆ. ಕೀಟೋನ್ ಹೆಚ್ಚಿದಂತೆ ಹಸಿವು ಕುಂದುತ್ತದೆ; ಹಸಿವು ಕುಂದಿದಂತೆ ಕೀಟೋನ್ ಮತ್ತಷ್ಟು ಹೆಚ್ಚುತ್ತದೆ. ಈ ಸುಳಿಯೇ ಕೀಟೋಸಿಸ್.

ಇದನ್ನು ಮನುಷ್ಯರ ಸಕ್ಕರೆ ಕಾಯಿಲೆಯೊಡನೆ ಬೆರೆಸಬಾರದು. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಹೆಚ್ಚಿರುತ್ತದೆ, ಆದರೆ ದೇಹಕ್ಕೆ ಅದನ್ನು ಬಳಸಿಕೊಳ್ಳಲಾಗುವುದಿಲ್ಲ. ಕೀಟೋಸಿಸ್‌ನಲ್ಲಿ ಸಕ್ಕರೆಯೇ ಸಾಲದು. ಎರಡರಲ್ಲೂ ಕೀಟೋನ್ ಕಾಣಿಸಿಕೊಳ್ಳಬಹುದು ಎಂಬ ಕಾರಣಕ್ಕೆ ‘ಹಸುವಿಗೂ ಸಕ್ಕರೆ ಕಾಯಿಲೆ’ ಎಂದು ತಿಳಿದು ಕಾಳಿನ ಆಹಾರವನ್ನು ಪೂರ್ತಿ ನಿಲ್ಲಿಸುವುದು ಅಪಾಯಕರ. ಸಕ್ಕರೆ ಕಾಯಿಲೆ ಬಂದ ಮನೆಯ ಬೆಕ್ಕಿಗೆ ಪಿಷ್ಟ ಕಡಿಮೆಯಿರುವ, ಮಾಂಸದ ಸಸಾರಜನಕ ಹೆಚ್ಚಿರುವ ಆಹಾರವನ್ನು ಪಶುವೈದ್ಯರು ಸೂಚಿಸುತ್ತಾರೆ, ಬೆಕ್ಕು ಮಾಂಸಾಹಾರಿ. ಹಸು ಮೆಲುಕು ಹಾಕುವ ಪ್ರಾಣಿ. ಅದರ ಜೀರ್ಣಕ್ರಿಯೆ ಬೇರೆ, ಪಥ್ಯವೂ ಬೇರೆ.

ಲಕ್ಷಣಗಳು

• ಮೊದಲು ಹಿಂಡಿ ಮತ್ತು ಪಶು ಆಹಾರವನ್ನು ಬಿಡುತ್ತದೆ, ನಂತರ ಹಸಿರು ಮೇವನ್ನು ಬಿಡುತ್ತದೆ. ಒಣ ಹುಲ್ಲನ್ನು ಮಾತ್ರ ಅಷ್ಟಿಷ್ಟು ತಿನ್ನುತ್ತದೆ.
• ಹಾಲು ಇಳಿಯುತ್ತದೆ, ಕೆಲವೇ ದಿನಗಳಲ್ಲಿ ಪಕ್ಕೆಲುಬು ಎದ್ದು ಕಾಣುವಷ್ಟು ಮೈ ಇಳಿಯುತ್ತದೆ.
• ಸಗಣಿ ಗಟ್ಟಿಯಾಗಿ, ಒಣಗಿದಂತಿರುತ್ತದೆ. ಸಾಮಾನ್ಯವಾಗಿ ಜ್ವರವಿರುವುದಿಲ್ಲ.
• ಉಸಿರು, ಗಂಜಲ, ಕೆಲವೊಮ್ಮೆ ಹಾಲಿನಲ್ಲಿಯೂ ಸಿಹಿಯಾದ ಘಾಟು ವಾಸನೆ ಬರುತ್ತದೆ.
• ಕೆಲವು ಹಸುಗಳು ಗೋಡೆ ಅಥವಾ ಮೈಯನ್ನು ಒಂದೇ ಸಮನೆ ನೆಕ್ಕುತ್ತವೆ, ಸುತ್ತು ತಿರುಗುತ್ತವೆ, ಬರಿಬಾಯಿ ಜಗಿಯುತ್ತವೆ.

ಗಂಜಲದ ರೊಥೆರಾ ಪರೀಕ್ಷೆಯಲ್ಲಿ ನೇರಳೆ ಬಣ್ಣ ಬಂದರೆ ಕೀಟೋನ್ ಇದೆ ಎಂದರ್ಥ. ಇದು ಕೊಟ್ಟಿಗೆಯಲ್ಲಿಯೇ ಕೆಲವು ನಿಮಿಷಗಳಲ್ಲಿ ಮಾಡಬಹುದಾದ ಪರೀಕ್ಷೆ. ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಹೊಟ್ಟೆ ಸ್ಥಾನಪಲ್ಲಟದಂಥ ತೊಂದರೆಯಿಂದ ಮೇವು ಬಿಟ್ಟ ಹಸುವಿನಲ್ಲಿಯೂ ಕೀಟೋನ್ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೂಲ ಕಾರಣವನ್ನು ಪಶುವೈದ್ಯರೇ ನಿರ್ಧರಿಸಬೇಕು.

ಬೆಲ್ಲ ತಿನ್ನಿಸಿದರೆ ಸಾಲದೇಕೆ?

‘ಸಕ್ಕರೆ ಕಡಿಮೆಯಾಗಿದೆ’ ಎಂದ ಕೂಡಲೇ ಕಿಲೋಗಟ್ಟಲೆ ಬೆಲ್ಲ ಕೊಡುವ ರೂಢಿ ಹಲವು ಹಳ್ಳಿಗಳಲ್ಲಿದೆ. ಹಸು ತಿಂದ ಬೆಲ್ಲ ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಆಮ್ಲಗಳಾಗಿ ಮಾಡುತ್ತವೆ. ಆ ಆಮ್ಲಗಳ ಪೈಕಿ ಪ್ರೊಪಿಯಾನಿಕ್ ಆಮ್ಲ ಮುಖ್ಯವಾದದ್ದು. ಅದು ಯಕೃತ್ತಿಗೆ ತಲುಪಿ ಗ್ಲೂಕೋಸ್ ಆಗುತ್ತದೆ. ಪಿಷ್ಟವಿರುವ ಕಾಳು ಮತ್ತು ಒಳ್ಳೆಯ ಹಸಿರು ಮೇವನ್ನು ಹದವಾಗಿ ತಿಂದ ಹಸುವಿನಲ್ಲಿ ಪ್ರೊಪಿಯಾನಿಕ್ ಆಮ್ಲ ಚೆನ್ನಾಗಿ ಉತ್ಪತ್ತಿಯಾಗುತ್ತದೆ. ಬೆಲ್ಲವನ್ನು 100ರಿಂದ 200 ಗ್ರಾಂನಷ್ಟು, ಆಹಾರಕ್ಕೆ ರುಚಿ ಹತ್ತಿಸಲು ಮಾತ್ರ ಬಳಸಬಹುದು. ಹೆಚ್ಚಾದರೆ ಹೊಟ್ಟೆ ಹುಳಿಯೇರಿ ಹಸು ಇನ್ನಷ್ಟು ಮೇವು ಬಿಡುತ್ತದೆ.

ರಕ್ತನಾಳಕ್ಕೆ ಕೊಡುವ ಗ್ಲೂಕೋಸಿನ ಲೆಕ್ಕವನ್ನೂ ಗಮನಿಸಬೇಕು. ಶೇ. 25ರ 500 ಮಿ.ಲೀ. ಬಾಟಲಿಯಲ್ಲಿರುವುದು 125 ಗ್ರಾಂ ಗ್ಲೂಕೋಸ್. ಅದು ಎರಡು ಲೀಟರ್ ಹಾಲಿಗೂ ಸಾಲದು. ಬಾಟಲಿ ಹಸುವಿಗೆ ಮೇವು ತಿನ್ನುವ ಚೈತನ್ಯವನ್ನು ಮರಳಿಸುತ್ತದೆ. ಉಳಿದ ಗ್ಲೂಕೋಸ್ ಗೋದಲಿಯಿಂದಲೇ ಬರಬೇಕು. ಚಿಕಿತ್ಸೆ ಪಡೆದ ಹಸು ಮೂರನೆಯ ದಿನ ಮತ್ತೆ ಮೇವು ಬಿಡಲು ಒಂದು ಮುಖ್ಯ ಕಾರಣ, ಚುಚ್ಚುಮದ್ದಿನ ನಂತರವೂ ಹಳೆಯ ಆಹಾರವನ್ನೇ ಮುಂದುವರಿಸುವುದು.

ಮೊದಲ ಒಂದು ವಾರದ ಕ್ರಮ

1. ಹಸು ಯಾವುದನ್ನು ತಿನ್ನುತ್ತದೆಯೋ ಅದರಿಂದಲೇ ಆರಂಭಿಸಬೇಕು. ಶುದ್ಧವಾದ ರಾಗಿ ಹುಲ್ಲು ಮತ್ತು ಎಳೆಯ ಹಸಿರು ಮೇವನ್ನು ಸದಾ ಎದುರಿಗಿಡಬೇಕು. ತಿನ್ನದೆ ಉಳಿದದ್ದನ್ನು ತೆಗೆದು ಹೊಸದನ್ನು ಹಾಕಬೇಕು.
2. ಪಶು ಆಹಾರವನ್ನು ಎರಡು ಹೊತ್ತಿಗೆ ರಾಶಿ ಹಾಕದೆ, ದಿನಕ್ಕೆ ನಾಲ್ಕೈದು ಬಾರಿ ಅರ್ಧದಿಂದ ಮುಕ್ಕಾಲು ಕಿಲೋದಂತೆ ಕೊಡಬೇಕು.
3. ಹಸಿವು ಮರಳಿದ ಬಳಿಕ ಪಶು ಆಹಾರವನ್ನು ಎರಡು ಮೂರು ದಿನಗಳಿಗೊಮ್ಮೆ ಅರ್ಧ ಕಿಲೋದಂತೆ ಮಾತ್ರ ಹೆಚ್ಚಿಸಬೇಕು.
4. ಮೇವನ್ನು ಮೊದಲು ತಿನ್ನಿಸಿ, ಆನಂತರ ಪಶು ಆಹಾರ ಕೊಡಬೇಕು. ಇದರಿಂದ ಜೊಲ್ಲು ಹೆಚ್ಚಾಗಿ ಸುರಿದು ಹೊಟ್ಟೆಯ ಹುಳಿ ತಗ್ಗುತ್ತದೆ.
5. ಪ್ರೊಪಿಲಿನ್ ಗ್ಲೈಕಾಲ್‌ನಂಥ ಕುಡಿಸುವ ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ತಲೆಯನ್ನು ಬಹಳ ಮೇಲೆತ್ತಿ, ನಾಲಿಗೆ ಎಳೆದು ಕುಡಿಸಿದರೆ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ.
6. ಶುದ್ಧ ನೀರು ಹಗಲಿರುಳೂ ಸಿಗುವಂತಿರಬೇಕು.

ಯಾವ ಮೇವನ್ನು ಆರಿಸಬೇಕು?

ಮುಸುಕಿನ ಜೋಳದ ಹಸಿರು ಮೇವು: ಗೌರಿಬಿದನೂರು, ಚಿಕ್ಕಬಳ್ಳಾಪುರ ಭಾಗದ ರೈತರಿಗೆ ಸುಲಭವಾಗಿ ದೊರೆಯುವ ಅತ್ಯುತ್ತಮ ಶಕ್ತಿಮೂಲ. ಆಫ್ರಿಕನ್ ಟಾಲ್‌ನಂಥ ಮೇವಿನ ತಳಿಯನ್ನು ಹೂವಾಡುವ ಹಂತದಿಂದ ಕಾಳು ಹಾಲುತುಂಬುವ ಹಂತದೊಳಗೆ ಕೊಯ್ಯಬೇಕು. ತೆನೆ ಮುರಿದ ಮೇಲೆ ಒಣಗಿ ನಿಂತ ದಂಟು ಹೊಟ್ಟೆ ತುಂಬಿಸುತ್ತದೆಯೇ ಹೊರತು ಕೀಟೋಸಿಸ್ ಆದ ಹಸುವಿಗೆ ಬೇಕಾದ ಶಕ್ತಿಯನ್ನು ಕೊಡುವುದಿಲ್ಲ.

ನೇಪಿಯರ್: ಸುಮಾರು 45 ದಿನಗಳಿಗೊಮ್ಮೆ ಕೊಯ್ದರೆ ಮೃದುವಾಗಿ, ಪೌಷ್ಟಿಕವಾಗಿರುತ್ತದೆ. ಬಲಿತು ಆಳೆತ್ತರ ಮೀರಿದ ನೇಪಿಯರ್ ನಾರೇ ಹೆಚ್ಚು. ಕತ್ತರಿಸಿ ಹಾಕುವುದು ಒಳ್ಳೆಯದು.

ದ್ವಿದಳ ಮೇವು: ಕುದುರೆ ಮೆಂತ್ಯ, ಬೇಲಿ ಮೆಂತ್ಯ, ಮೇವಿನ ಅಲಸಂದೆ ಇವು ಸಸಾರಜನಕವನ್ನು ಒದಗಿಸುತ್ತವೆ. ಇವನ್ನು ಏಕದಳ ಮೇವಿನೊಡನೆ ಬೆರೆಸಿಯೇ ಕೊಡಬೇಕು. ಬರಿಯ ಎಳೆ ದ್ವಿದಳ ಮೇವು ಹೊಟ್ಟೆಯುಬ್ಬರ ತರುತ್ತದೆ.

ಹಿಪ್ಪುನೇರಳೆ ಸೊಪ್ಪು: ಶಿಡ್ಲಘಟ್ಟ, ಚಿಂತಾಮಣಿ ಭಾಗದ ರೇಷ್ಮೆ ಬೆಳೆಗಾರರ ಕೈಯಲ್ಲಿಯೇ ಇರುವ ಸಂಪತ್ತು ಇದು. ಒಣತೂಕದ ಲೆಕ್ಕದಲ್ಲಿ ಶೇ. 15ರಿಂದ 25ರಷ್ಟು ಸಸಾರಜನಕವಿದ್ದು, ಸುಲಭವಾಗಿ ಜೀರ್ಣವಾಗುತ್ತದೆ. ಬಾಯಿ ಕೆಟ್ಟ ಹಸುವೂ ಆಸೆಯಿಂದ ತಿನ್ನುತ್ತದೆ. ದ್ವಿದಳ ಮೇವಿನ ಬದಲಿಗೆ ದಿನಕ್ಕೆ ಐದಾರು ಕಿಲೋ ಹಸಿ ಸೊಪ್ಪನ್ನು ಕೊಡಬಹುದು. ಹುಳುವಿಗೆ ಹಾಕದೆ ಮಿಕ್ಕ ತಾಜಾ ಸೊಪ್ಪನ್ನು ಮಾತ್ರ ಬಳಸಬೇಕು. ಸುಣ್ಣ ಅಥವಾ ಹಾಸಿಗೆ ಸೋಂಕುನಿವಾರಕ ಪುಡಿ ಉದುರಿಸಿದ, ಬೂಷ್ಟು ಹಿಡಿದ ಹಾಸಿಗೆ ತ್ಯಾಜ್ಯ ಕೂಡದು. ಔಷಧ ಸಿಂಪಡಿಸಿದ ತೋಟದ ಸೊಪ್ಪನ್ನು ಕಾಯುವ ಅವಧಿ ಮುಗಿಯುವ ತನಕ ಹಸುವಿಗೂ ಹಾಕಬಾರದು.

ಕಾಳಿನ ಆಹಾರ: ಮುಸುಕಿನ ಜೋಳದ ನುಚ್ಚು ಪಿಷ್ಟದ ಒಳ್ಳೆಯ ಮೂಲ. ನುಣ್ಣನೆ ಹಿಟ್ಟು ಮಾಡದೆ ತರಿಯಾಗಿ ಒಡೆಸಬೇಕು. ಹಿಟ್ಟು ಬೇಗ ಹುದುಗಿ ಹುಳಿಯೇರುತ್ತದೆ. ಇದನ್ನು ಸಮತೋಲನ ಪಶು ಆಹಾರದ ಭಾಗವಾಗಿ ಕೊಡಬೇಕು.

ಖನಿಜ ಮಿಶ್ರಣ: ದಿನಕ್ಕೆ 50 ಗ್ರಾಂಗೆ ಕಡಿಮೆಯಿಲ್ಲದಂತೆ ಕೊಡಬೇಕು. ಪ್ರೊಪಿಯಾನಿಕ್ ಆಮ್ಲ ಗ್ಲೂಕೋಸ್ ಆಗಲು ಬಿ-12 ಜೀವಸತ್ವ ಬೇಕು. ಅದನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ತಯಾರಿಸಲು ಕೋಬಾಲ್ಟ್ ಬೇಕು. ಖನಿಜ ಮಿಶ್ರಣದ ಖರ್ಚನ್ನು ಉಳಿಸುವುದು ಈ ಸಮಯದಲ್ಲಿ ಉಳಿತಾಯವಲ್ಲ.

ಚೇತರಿಸಿಕೊಂಡ ಹಸುವಿಗೆ ಮಾದರಿ ದಿನದ ಆಹಾರ
(400 ಕಿ.ಗ್ರಾಂ. ತೂಕ, ದಿನಕ್ಕೆ 15 ಲೀಟರ್ ಹಾಲು)

• ಮುಸುಕಿನ ಜೋಳ ಅಥವಾ ನೇಪಿಯರ್ ಹಸಿರು ಮೇವು: 20 ಕಿ.ಗ್ರಾಂ.
• ದ್ವಿದಳ ಮೇವು ಅಥವಾ ಹಿಪ್ಪುನೇರಳೆ ಸೊಪ್ಪು: 5 ಕಿ.ಗ್ರಾಂ.
• ರಾಗಿ ಹುಲ್ಲು: 3 ಕಿ.ಗ್ರಾಂ.
• ಸಮತೋಲನ ಪಶು ಆಹಾರ: 6 ಕಿ.ಗ್ರಾಂ., ಮೂರು ನಾಲ್ಕು ಕಂತುಗಳಲ್ಲಿ
• ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ

ಇದರಲ್ಲಿ ಒಣ ಅಂಶ ಸುಮಾರು 13 ಕಿಲೋ ಆಗುತ್ತದೆ. ಒಟ್ಟು ಒಣ ಅಂಶದ ಅರ್ಧಕ್ಕಿಂತ ಹೆಚ್ಚು ಭಾಗ ಮೇವಿನಿಂದಲೇ ಬರಬೇಕೆಂಬುದನ್ನು ಮರೆಯಬಾರದು. ಹಾಲು ಹೆಚ್ಚು ಕಡಿಮೆಯಾದಂತೆ ಪ್ರತಿ ಎರಡೂವರೆ ಲೀಟರಿಗೆ ಒಂದು ಕಿಲೋದಂತೆ ಪಶು ಆಹಾರವನ್ನು ಹೊಂದಿಸಿಕೊಳ್ಳಬಹುದು.

ಯಾವುದನ್ನು ಕೊಡಬಾರದು?

• ಅನ್ನ, ಮುದ್ದೆ, ಮದುವೆ ಮನೆಯಲ್ಲಿ ಮಿಕ್ಕ ಊಟ: ಬೆಂದ ಪಿಷ್ಟ ಬಹು ಬೇಗ ಹುದುಗಿ ಆಮ್ಲಬಾಧೆ ತರುತ್ತದೆ. ಸೊರಗಿದ ಹಸುವಿಗೆ ಇದು ಪ್ರಾಣಾಪಾಯವೂ ಆಗಬಹುದು. ಕಲಗಚ್ಚಿನ ತಳದಲ್ಲಿ ಅನ್ನ ಗಟ್ಟಿಯಾಗಿ ನಿಲ್ಲದಂತೆ ನೋಡಿಕೊಳ್ಳಬೇಕು.
• ಕೆಟ್ಟ ರಸಮೇವು: ಸರಿಯಾಗಿ ಮುಚ್ಚದ ಗುಂಡಿಯ ರಸಮೇವು ಮುಗ್ಗಿದ ಬೆಣ್ಣೆಯ ವಾಸನೆ ಬೀರುತ್ತಿದ್ದರೆ ಅದರಲ್ಲಿ ಬ್ಯುಟಿರಿಕ್ ಆಮ್ಲವಿದೆ. ಅದು ದೇಹದಲ್ಲಿ ನೇರವಾಗಿ ಕೀಟೋನ್ ಆಗುತ್ತದೆ. ಹಳದಿ ಮಿಶ್ರಿತ ಹಸಿರು ಬಣ್ಣದ, ಹಿತವಾದ ಹುಳಿ ವಾಸನೆಯ ರಸಮೇವನ್ನು ಕೊಡಬಹುದು.
• ಅತಿಯಾದ ಎಣ್ಣೆ ಹಿಂಡಿ: ಕಡಲೆಕಾಯಿ ಹಿಂಡಿ ಅಥವಾ ಹತ್ತಿಕಾಳು ಹಿಂಡಿಯನ್ನೇ ಹೆಚ್ಚಿಸಿದರೆ ಸಸಾರಜನಕ ಹೆಚ್ಚುತ್ತದೆ, ಶಕ್ತಿಯ ಕೊರತೆ ನೀಗುವುದಿಲ್ಲ. ಕೊಬ್ಬಿನಿಂದ ಗ್ಲೂಕೋಸಿನ ಕೊರತೆ ತುಂಬುವುದಿಲ್ಲವಾದ್ದರಿಂದ ಎಣ್ಣೆ ಕುಡಿಸುವುದೂ ಪರಿಹಾರವಲ್ಲ.
• ಮಾರುಕಟ್ಟೆಯ ತರಕಾರಿ ರಾಶಿ: ಟೊಮ್ಯಾಟೊ, ಎಲೆಕೋಸು, ಹೂಕೋಸಿನ ಎಲೆ ನೀರಿನಂಶದಿಂದ ಹೊಟ್ಟೆ ತುಂಬಿಸುತ್ತವೆ, ಕೀಟನಾಶಕದ ಶೇಷವೂ ಇರಬಹುದು.
• ಬೂಷ್ಟು ಹಿಡಿದ ಕಡಲೆಕಾಯಿ ಬಳ್ಳಿ ಮತ್ತು ಹಿಂಡಿ, ನೀರಿಲ್ಲದೆ ಬಾಡಿದ ಎಳೆಯ ಬಿಳಿಜೋಳ: ಮೊದಲನೆಯದರಲ್ಲಿ ಶಿಲೀಂಧ್ರದ ವಿಷ, ಎರಡನೆಯದರಲ್ಲಿ ಸಯನೈಡ್ ವಿಷದ ಅಪಾಯವಿದೆ.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದುದು

ಹಸು ಎರಡು ಮೂರು ದಿನಗಳಲ್ಲಿ ಪಶು ಆಹಾರಕ್ಕೆ ತಾನಾಗಿ ಬಾಯಿ ಹಾಕಬೇಕು, ಮೆಲುಕು ಮರಳಬೇಕು, ಸಗಣಿ ಹದಕ್ಕೆ ಬರಬೇಕು. ವಾರದ ಬಳಿಕ ರೊಥೆರಾ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಒಳ್ಳೆಯದು. ಮೆಲುಕು ನಿಂತು ಸಗಣಿ ತೆಳ್ಳಗೆ, ಹುಳಿವಾಸನೆಯಿಂದ ಕೂಡಿದ್ದರೆ ಆಮ್ಲಬಾಧೆಯೆಂದು ಶಂಕಿಸಿ ಕಾಳಿನ ಆಹಾರವನ್ನು ನಿಲ್ಲಿಸಿ, ಒಣ ಹುಲ್ಲನ್ನು ಮಾತ್ರ ಕೊಟ್ಟು ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಮುಂದಿನ ಸೂಲಿಗೆ ಮುನ್ನೆಚ್ಚರಿಕೆ

ಒಮ್ಮೆ ಕೀಟೋಸಿಸ್ ಆದ ಹಸುವಿಗೆ ಮುಂದಿನ ಸೂಲಿನಲ್ಲಿಯೂ ಬರುವ ಸಂಭವ ಹೆಚ್ಚು. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಬೇಕು. ಈ ಅವಧಿಯಲ್ಲಿ ಹಸು ಸೊರಗಬಾರದು, ಕೊಬ್ಬಲೂಬಾರದು. ಕೊಬ್ಬಿದ ಹಸು ಕರು ಹಾಕಿದ ಮೇಲೆ ಕಡಿಮೆ ತಿನ್ನುತ್ತದೆ, ಹೆಚ್ಚು ಕೊಬ್ಬು ಕರಗಿಸುತ್ತದೆ. ಕೊನೆಯ ಮೂರು ವಾರಗಳಲ್ಲಿ ಪಶು ಆಹಾರವನ್ನು ಒಂದು ಕಿಲೋದಿಂದ ಆರಂಭಿಸಿ ಎರಡರಿಂದ ಎರಡೂವರೆ ಕಿಲೋವರೆಗೆ ನಿಧಾನವಾಗಿ ಏರಿಸಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಗ್ಗಿಕೊಳ್ಳುತ್ತವೆ.

ಬೇಸಾಯದ ದೃಷ್ಟಿಯಿಂದ ಇನ್ನೊಂದು ಮಾತು. ಹೊಳೆ ಕಾಲುವೆಗಳ ನೀರಾವರಿ ಇಲ್ಲದ ಈ ಸೀಮೆಯಲ್ಲಿ ಮಾರ್ಚ್‌ನಿಂದ ಮೇ ತನಕ ಹಸಿರು ಮೇವಿನ ಕೊರತೆ ತಪ್ಪಿದ್ದಲ್ಲ. ಹಸುವಿಗೆ ಗರ್ಭ ನಿಂತ ದಿನವನ್ನು ಬರೆದಿಟ್ಟುಕೊಂಡರೆ ಕರು ಹಾಕುವ ತಿಂಗಳು ಮೊದಲೇ ತಿಳಿಯುತ್ತದೆ. ಆ ತಿಂಗಳಿಗೆ ಕೊಯ್ಲಿಗೆ ಬರುವಂತೆ, ಅದಕ್ಕೆ 60-70 ದಿನ ಮುಂಚಿತವಾಗಿ ಮುಸುಕಿನ ಜೋಳದೊಡನೆ ಅಲಸಂದೆಯನ್ನು ಬಿತ್ತಬೇಕು. ಕೊಳವೆಬಾವಿಯಲ್ಲಿ ನೀರು ಸಾಲದವರು ಮಳೆಗಾಲದ ಮುಸುಕಿನ ಜೋಳವನ್ನು ರಸಮೇವು ಮಾಡಿಟ್ಟುಕೊಳ್ಳಬೇಕು. ಹಿಪ್ಪುನೇರಳೆ ತೋಟವಿರುವವರು ಬದುವಿನಲ್ಲಿ ಬೇಲಿ ಮೆಂತ್ಯವನ್ನೂ ನೇಪಿಯರ್ ಬುಡಗಳನ್ನೂ ಬೆಳೆಸಬಹುದು. ಮೇವಿನ ಬೀಜ, ಬೇರುಬುಡ ಮತ್ತು ರಸಮೇವು ತಯಾರಿಕೆಯ ಮಾಹಿತಿಗೆ ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಕರುವಿನ ದಿನವನ್ನು ನೋಡಿ ಮೇವು ಬಿತ್ತುವ ಮನೆಯಲ್ಲಿ ಗ್ಲೂಕೋಸ್ ಬಾಟಲಿಯ ಅಗತ್ಯ ಕಡಿಮೆಯಾಗುತ್ತದೆ.