ಮನೆಯ ರೆಫ್ರಿಜರೇಟರ್ ಮತ್ತು ಫ್ರೀಜರ್: ಶುಚಿತ್ವ ಹಾಗೂ ಸುರಕ್ಷಿತ ಜೋಡಣೆ

(ಹೊನ್ನಾವರ ತಾಲ್ಲೂಕಿನ ಮಂಕಿ ಹಾಗೂ ಸುತ್ತಲಿನ ಕರಾವಳಿ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ರಾಜ್ಯದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯ ಬಳಕೆಗಾಗಿ ಮುಂಚಿತವಾಗಿಯೇ ಮೀನನ್ನು ಫ್ರೀಜರಿನಲ್ಲಿ ಸಂಗ್ರಹಿಸುವ ಕುಟುಂಬಗಳಿವೆ. ಇದೇ ದಿನಗಳಲ್ಲಿ ಗಾಳಿ-ಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ ಪೂರೈಕೆ ಗಂಟೆಗಟ್ಟಲೆ ಸ್ಥಗಿತಗೊಳ್ಳುವುದೂ ಉಂಟು. ತಂಪು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅವುಗಳನ್ನು ನಾಶಪಡಿಸುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಈ ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ.

ಉಷ್ಣಾಂಶ

ರೆಫ್ರಿಜರೇಟರಿನ ಒಳಭಾಗ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಹಾಗೂ ಫ್ರೀಜರ್ ಮೈನಸ್ 18 ಡಿಗ್ರಿ ಇರತಕ್ಕದ್ದು. ತಿರುಗುಗುಂಡಿಯ ಮೇಲಿನ ಅಂಕಿಗಳು ಡಿಗ್ರಿಯನ್ನು ಸೂಚಿಸುವುದಿಲ್ಲ. ಒಳಗೆ ಚಿಕ್ಕ ಉಷ್ಣಮಾಪಕವನ್ನು ಇಟ್ಟು ನೋಡುವುದು ಸೂಕ್ತ.

ಶುಚಿಗೊಳಿಸುವ ಕ್ರಮ

1. ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಆಹಾರವನ್ನು ಮಂಜುಗಡ್ಡೆಯೊಂದಿಗೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇರಿಸಿ.
2. ಗಟ್ಟಿಯಾದ ಹಿಮವನ್ನು ಚಾಕು ಅಥವಾ ಮೊಳೆಯಿಂದ ಕೆರೆಯಬಾರದು. ಒಳಗಿನ ಅನಿಲದ ಕೊಳವೆ ತೂತಾಗಬಹುದು. ಈಗಿನ ಅನೇಕ ಮಾದರಿಗಳಲ್ಲಿ ಬಳಸುವ ಅನಿಲ ಬೆಂಕಿ ಹತ್ತುವಂತಹದ್ದು. ಬಾಗಿಲು ತೆರೆದಿಟ್ಟು ಹಿಮ ತಾನಾಗಿ ಕರಗಲು ಬಿಡಿ.
3. ತಟ್ಟೆಗಳನ್ನು ಹೊರತೆಗೆದು ಸಾಬೂನು ನೀರಿನಿಂದ ತೊಳೆಯಿರಿ. ತಣ್ಣಗಿರುವ ಗಾಜಿನ ತಟ್ಟೆಗೆ ಬಿಸಿನೀರು ಹಾಕಿದರೆ ಸೀಳುವ ಸಂಭವವಿದೆ.
4. ಒಳಭಾಗವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಒರೆಸಿ. ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಗಳನ್ನು ಮರೆಯದಿರಿ.
5. ಹಿಂಬದಿಯಲ್ಲಿ ನೀರು ಸಂಗ್ರಹವಾಗುವ ತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂತಹ ನೀರಿನಲ್ಲಿ ಮೊಟ್ಟೆಯಿಡುತ್ತದೆ.
6. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿದ ನಂತರವೇ ಪ್ಲಗ್ ಹಾಕಿ. ಒಳಭಾಗ ತಂಪಾದ ಮೇಲೆ ಆಹಾರವನ್ನು ಮರಳಿ ಇರಿಸಿ.

ಜೋಡಣೆ

• ಬೇಯಿಸಿದ ಆಹಾರ, ಹಾಲು, ಮೊಸರು ಮೇಲಿನ ತಟ್ಟೆಗಳಲ್ಲಿರಲಿ. ಹಸಿ ಮೀನು ಮತ್ತು ಮಾಂಸವನ್ನು ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ ಇರಿಸಿ. ಅವುಗಳ ನೀರು ಇತರ ಆಹಾರದ ಮೇಲೆ ತೊಟ್ಟಿಕ್ಕಬಾರದು.
• ತೆಂಗಿನಕಾಯಿ ಹಾಕಿದ ಸಾರು, ಪಲ್ಯಗಳನ್ನು ತಯಾರಿಸಿದ ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಯಲ್ಲಿ ಆರಿಸಿ ಒಳಗಿಡಿ.
• ಹಸಿ ಮೀನನ್ನು ಫ್ರೀಜರಿನ ಹೊರಗೆ, ತಂಪಿನಲ್ಲಿಯೇ ಇಟ್ಟರೂ, ಒಂದೆರಡು ದಿನಕ್ಕಿಂತ ಹೆಚ್ಚು ಇಡಬಾರದು.
• ಫ್ರೀಜರಿಗೆ ಹಾಕುವ ಮೀನನ್ನು ಕರುಳು ತೆಗೆದು ತೊಳೆದು, ಒಂದು ಹೊತ್ತಿನ ಅಡುಗೆಗೆ ಸಾಲುವಷ್ಟನ್ನು ಪ್ರತ್ಯೇಕವಾಗಿ ಕಟ್ಟಿ, ದಿನಾಂಕ ಬರೆಯಿರಿ. ಬಂಗಡೆ, ತಾರ್ಲೆಗಳಂತಹ ಕೊಬ್ಬಿನಂಶದ ಮೀನನ್ನು ಎರಡು-ಮೂರು ತಿಂಗಳೊಳಗೆ ಬಳಸಿ.

ವಿದ್ಯುತ್ ನಿಲುಗಡೆಯಾದಾಗ

ಬಾಗಿಲು ತೆರೆಯದಿದ್ದಲ್ಲಿ ರೆಫ್ರಿಜರೇಟರ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ ಫ್ರೀಜರ್ ಸುಮಾರು 24 ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ಊರಿಗೆ ಹೋಗುವವರು ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಅದರ ಮೇಲೆ ನಾಣ್ಯವೊಂದನ್ನು ಇಡಬಹುದು. ಮರಳಿ ಬಂದಾಗ ನಾಣ್ಯ ತಳದಲ್ಲಿದ್ದರೆ, ಒಳಗಿನ ಪದಾರ್ಥ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿದು ಅದನ್ನು ಬಳಸಬಾರದು.

ಮೀನಿನ ಬಗ್ಗೆ ವಿಶೇಷ ಎಚ್ಚರಿಕೆ

ತಂಪು ತಪ್ಪಿದ ಬಂಗಡೆ, ತಾರ್ಲೆ ಮುಂತಾದ ಮೀನಿನಲ್ಲಿ ಹಿಸ್ಟಮೀನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಇದು ಬೇಯಿಸಿದರೂ, ಹುರಿದರೂ, ಮತ್ತೆ ಫ್ರೀಜರಿಗೆ ಹಾಕಿದರೂ ನಾಶವಾಗುವುದಿಲ್ಲ. ಮೀನಿನ ವಾಸನೆ, ಬಣ್ಣ ಸರಿಯಾಗಿಯೇ ಇರಬಹುದು. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬಾರದಿರುವುದು ಸಹಜ. ಆದರೂ ರುಚಿ ನೋಡಿ ನಿರ್ಧರಿಸುವ ಪ್ರಯತ್ನ ಬೇಡ. ಸಂಶಯವಿದ್ದಲ್ಲಿ ಎಸೆಯುವುದೇ ಕ್ಷೇಮ. ಮೀನು ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗುವುದು, ಬಾಯಿ ಉರಿ, ತಲೆನೋವು, ಮೈಮೇಲೆ ದದ್ದು ಕಂಡುಬಂದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ. ಉಸಿರಾಟದ ತೊಂದರೆ ಇದ್ದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ.

ದೂರವಾಣಿ ಸಂಖ್ಯೆಗಳು

ವಿದ್ಯುತ್ ಪೂರೈಕೆಯ ದೂರು (ಹೆಸ್ಕಾಂ): 1912
ಆಂಬ್ಯುಲೆನ್ಸ್: 108