ಕಾಲೇಜು ಬಿಟ್ಟ ಮೇಲಿನ ದಾರಿ

ದಾಂಡೇಲಿಯ ಬಂಗೂರನಗರ. ಪೇಪರ್ ಮಿಲ್ ಜೊತೆಗೇ ಬೆಳೆದ ಊರು. ಪದವಿ ಕಾಲೇಜೂ ಇಲ್ಲೇ ಇದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇಲ್ಲಿ ಓದೋ ಹುಡುಗಿಗೆ ಸುರಕ್ಷಿತ ಅನ್ನಿಸುತ್ತಾ?

ಗೇಟಿನೊಳಗೆ ನಿಂತು ಕೇಳಿದ್ರೆ ಅರ್ಧ ಉತ್ತರ ಸಿಗುತ್ತೆ. ಉಳಿದರ್ಧ ಮನೆಯ ದಾರಿಯಲ್ಲಿದೆ.

ಮಿಲ್ಲಿನ ಪಾಳಿ ಬಿಡೋ ಹೊತ್ತಿಗೆ ರಸ್ತೇಲಿ ಜನ, ಬೈಕು, ತೆರೆದ ಚಹಾ ಅಂಗಡಿ, ಗುರುತಿನ ಮುಖ. ನನ್ನ ಪ್ರಕಾರ ಧೈರ್ಯ ಬರೋದು ಇದರಿಂದಲೇ, ಕ್ಯಾಮೆರಾದಿಂದಲ್ಲ.

ಈಗ ಜೋಯಿಡಾ ಕಡೆಯ ಹಳ್ಳಿಗೆ ಹೋಗೋಳನ್ನ ನೆನೆಸಿಕೊಳ್ಳಿ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಮಳೆಗಾಲದ ಸಂಜೆ, ಬೇಗನೇ ಕತ್ತಲು. ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಮೊಬೈಲ್ ಟಾರ್ಚ್, ಬ್ಯಾಟರಿ ಎರಡೇ ಗೆರೆ. ಅಮ್ಮಂಗೆ ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ.

2023ರ ಜೂನ್ 11ರಿಂದ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಸ್ ಖರ್ಚು ಉಳಿಸಿದೆ. ನಿಜವಾಗಲೂ ದೊಡ್ಡ ಸಹಾಯ. ಆದ್ರೆ ಸಂಜೆ ಕ್ಲಾಸ್ ಮುಗಿಯೋ ಹೊತ್ತಿಗೆ ಬಸ್ಸೇ ಇರಬೇಕಲ್ಲ! ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿಗೆ ದಿನಾ ಓಡಾಡೋರಿಗೂ ಇದೇ ಚಿಂತೆ.

ಕ್ಯಾಂಪಸ್ಸಲ್ಲೇ ಯಾರಾದ್ರೂ ಲೈಂಗಿಕ ಕಿರುಕುಳ ಕೊಟ್ರೆ? ಯುಜಿಸಿಯ 2015ರ ನಿಯಮದಂತೆ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಿ. ಬರೆಯೋಕೆ ಕಷ್ಟ ಆದ್ರೆ ಸಮಿತಿಯೇ ನೆರವಾಗಬೇಕು. ರಸ್ತೇಲಿ ಅಪಾಯ ಅನ್ನಿಸಿದ್ರೆ ತಕ್ಷಣ 112.

ಆ ಸಮಿತೀಲಿ ಯಾರಿದ್ದಾರೆ ಅಂತ ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಲ್ಲಿ ಇದೆಯಾ? ನಾಳೆ ನೋಡಿ. ಇಲ್ಲದಿದ್ರೆ, ಗೆಳತಿಯರ ಜೊತೆ ಪ್ರಿನ್ಸಿಪಾಲರ ಹತ್ರ ಹೋಗಿ ಕೇಳಿ.